ಕಿರ್ದಿಯಿಂದ ಖತಾವಣಿಗೆ

ಹಿಂಬದಿ ಖಾಲಿ ಇರುವ ಕಾಗದ ಕಂಡರೆ ಅದನ್ನು ಹಾಗೇ ಬಿಡುವ ಜಾಯಮಾನ ನನ್ನದಲ್ಲ. ಲಗ್ನಪತ್ರಿಕೆ, ಕರೆಂಟ್ ಬಿಲ್ಲು, ಗುಳಿಗೆ ಡಬ್ಬಿಯ ರಟ್ಟು, ಬಸ್ಸಿನ ಟಿಕೀಟು, ಎಲ್ಲದರ ಬೆನ್ನ ಮೇಲೂ ಏನಾದರೊಂದು ಗೀಚಿರುತ್ತೇನೆ. ಅಂಥಾ ಘನಂದಾರಿ ವಿಷಯ ಏನು ಬರೆಯುತ್ತೀರಿ ಎಂದು ಕೇಳಿದರೆ ಮಾತ್ರ ಉತ್ತರ ಕೊಡುವುದು ಕಷ್ಟ. ದೇವದುರ್ಗದ ಬಸ್ಸಿನಲ್ಲಿ ಪಕ್ಕ ಕೂತ ಹಿರಿಯರು ಹೇಳಿದ ಗಾದೆ. ಮಾನ್ವಿಯಲ್ಲಿ ಯಾರದೋ ಮನೆಯ ಗುರೆಳ್ಳು ಚಟ್ನಿಗೆ ಬಳ್ಳೊಳ್ಳಿ ಹಾಕುತ್ತಾರೋ ಇಲ್ಲವೋ ಎಂಬ ವಿವರ. ತೀನ್ ಕಂದೀಲ್ ಹತ್ತಿರ ಮೊದಲು ಯಾವ ಅಂಗಡಿ ಇತ್ತೆಂದು ಇಬ್ಬರು ಮಾಡಿದ ಜಗಳದ ಸಾರಾಂಶ. ಬರೆಯುವ ತನಕ ಇವೆಲ್ಲ ನನಗೆ ಪರಮ ಮುಖ್ಯ. ಬರೆದಾದ ಮೇಲೆ ಆ ಚೀಟಿ ಎಲ್ಲಿದೆ ಎಂಬುದು ನಮ್ಮ ಮನೆದೇವರಿಗೂ ಗೊತ್ತಿರುವುದಿಲ್ಲ.

ಹೋದ ದೀಪಾವಳಿಗೆ ಮನೆ ಸ್ವಚ್ಛ ಮಾಡುವ ಭರದಲ್ಲಿ ನಮ್ಮ ಮನೆಯವರು ಲಗ್ನಪತ್ರಿಕೆಗಳ ದೊಡ್ಡ ಕಟ್ಟೊಂದನ್ನು ರದ್ದಿಯವನಿಗೆ ಕೊಟ್ಟರು. ಅವನು ದಿನಪತ್ರಿಕೆಗಳನ್ನು ತೂಗಿ ದುಡ್ಡು ಕೊಟ್ಟ. ಲಗ್ನಪತ್ರಿಕೆಯನ್ನು ತಿರುಗಿಸಿ ನೋಡಿ, "ಇದಕ್ಕ ರೇಟಿಲ್ರೀ ಅಕ್ಕಾರ, ಬಣ್ಣದ ರಟ್ಟು, ಮ್ಯಾಲ ಬರ್ದೂ ಬಿಟ್ಟೀರಿ" ಎಂದು ಪುಕ್ಕಟೆ ಒಯ್ದ. ನನ್ನ ಬರವಣಿಗೆಗೆ ಮಾರುಕಟ್ಟೆ ಕಟ್ಟಿದ ಬೆಲೆ ಅದು. ಪೂರ್ತಿ ಸಂತೋಷದಿಂದ ಒಪ್ಪಿಕೊಳ್ಳುತ್ತಿದ್ದೆನೇನೋ. ಆದರೆ ಎರಡೇ ದಿನಕ್ಕೆ ಮಾನ್ವಿಯಿಂದ ನಮ್ಮ ಸೋದರತ್ತೆಯ ಫೋನು ಬಂತು.

"ಅವತ್ತ ನೀ ಒಂದ್ ಹಾಡು ಬರ್ಕೊಂಡ್ಯಲ್ಲ, ಅದನ್ನ ಸ್ವಲ್ಪ ಓದು. ಶುಕ್ರವಾರ ಹೇಳಬೇಕಾಗೇದ."

"ಅತ್ತೀ, ಅದು ನೀವೇ ಹೇಳಿದ ಹಾಡಲ್ಲೇನು?"

"ಹೌದಪಾ, ನಾನೇ ಹೇಳಿದ್ದು. ನೀ ಬರ್ಕೊಂಡಿ ಅಂತ ನಾ ಮರ್ತೆ."

ಆ ಮಾತಿಗೆ ನನ್ನ ಹತ್ತಿರ ಇವತ್ತಿಗೂ ಜವಾಬಿಲ್ಲ. ಎಂಬತ್ತು ದಾಟಿದ ಜೀವ, ಅಷ್ಟು ವರ್ಷ ತಲೆಯಲ್ಲಿ ಹೊತ್ತ ಹಾಡನ್ನು ನನ್ನನ್ನು ನಂಬಿ ಇಳಿಸಿಬಿಟ್ಟಿತ್ತು. ನಾನು ಅದನ್ನು ಯಾರದೋ ಮದುವೆಯ ಬೆನ್ನ ಮೇಲೆ ಬರೆದಿದ್ದೆ. ಆ ಮದುವೆ ಸುಖವಾಗಿದೆ, ಹಾಡು ಹೋಯಿತು.

ಈ ದುಃಖವನ್ನು ಹಬ್ಬಕ್ಕೆ ಬಂದ ನನ್ನ ತಂಗಿಯ ಮಗನ ಮುಂದೆ ತೋಡಿಕೊಂಡೆ. ಅವನು ಬೆಂಗಳೂರಿನಲ್ಲಿ ಕಂಪ್ಯೂಟರಿನ ಕೆಲಸದಲ್ಲಿದ್ದಾನೆ. ಏನು ಕೆಲಸ ಎಂದು ಹಲವು ಸಲ ವಿವರಿಸಿದ್ದಾನೆ, ನಾನೂ ಹಲವು ಸಲ ತಲೆಯಾಡಿಸಿದ್ದೇನೆ. "ಮಾವಾ, ನಿಮ್ಮ ಚೀಟಿ ಎಲ್ಲಾ ಆನ್‌ಲೈನ್‌ನಾಗ ಒಂದ್ ಕಡೆ ಹಾಕ್ರಿ. ಒಂದಕ್ಕೊಂದು ಗಂಟು ಹಾಕ್ಕೋತ ಹೋಗ್ರಿ. ಯಾರ್ ಬೇಕಾದ್ರೂ ನೋಡೋ ಹಂಗ ತೆರೆದಿಡ್ರಿ" ಎಂದ. "ಎಲ್ಲಾರೂ ಯಾಕ ನೋಡಬೇಕೋ?" ಎಂದೆ. "ನೋಡ್ಲಿ ಬಿಡ್ರಿ. ನೀವೇನ್ ಅದರಾಗ ಪಾಸ್‌ಬುಕ್ಕು ಹಾಕ್ತೀರೇನು, ಚಟ್ನಿಪುಡಿ ಹಾಕ್ತೀರಿ" ಎಂದ. ಪಾಸ್‌ಬುಕ್ಕು ಹಾಕಿದರೂ ನೋಡಿದವರು ಮರುಗಿ ಮುಂದೆ ಹೋಗುತ್ತಾರೆಯೇ ಹೊರತು ಬೇರೆ ಅಪಾಯವಿಲ್ಲ, ಅದಿರಲಿ.

ಅವನು ಕೂತು ಎಲ್ಲ ಜೋಡಿಸಿಕೊಟ್ಟ. ಒಂದೊಂದು ಟಿಪ್ಪಣಿಗೂ ಒಂದೊಂದು ಹೆಸರು, ಒಂದೊಂದು ಪುಟ. ಬರೆಯುತ್ತಾ ಬರೆಯುತ್ತಾ ಇನ್ನೊಂದು ಟಿಪ್ಪಣಿಯ ಹೆಸರು ಬಂದರೆ ಅದನ್ನು ಎರಡೆರಡು ಚೌಕ ಕಂಸದೊಳಗೆ ಇಡಬೇಕು. ಇಟ್ಟರೆ ಅದೇ ಕೊಂಡಿಯಾಗುತ್ತದೆ, ಒತ್ತಿದರೆ ಆ ಪುಟಕ್ಕೆ ಹಾರುತ್ತದೆ. ಆ ಪುಟದ ಕೆಳಗೆ, ಇಲ್ಲಿಗೆ ಯಾವ ಯಾವ ಪುಟಗಳಿಂದ ದಾರಿ ಬಂದಿದೆ ಎಂಬ ಪಟ್ಟಿ ತಾನಾಗಿಯೇ ಮೂಡುತ್ತದೆ. ಇದನ್ನು ತೋರಿಸಿ ಅವನು ನಾನು ಬೆರಗಾಗಲಿ ಎಂದು ಕಾದ. ನಾನು ಬೆರಗಾಗಲಿಲ್ಲ. "ಇದು ನಮ್ಮ ಅಪ್ಪ ದಿನಾ ರಾತ್ರಿ ಮಾಡ್ತಿದ್ದ ಕೆಲಸ" ಎಂದೆ.

ನಮ್ಮ ಅಪ್ಪ ರಾಯಚೂರಿನ ಗಂಜಿನಲ್ಲಿ ಒಂದು ಅಡತಿ ಅಂಗಡಿಯ ಗುಮಾಸ್ತರು. ಅವರ ಮುಂದೆ ಇಳಿಜಾರು ಡೆಸ್ಕು, ಅದರ ಮೇಲೆ ಕೆಂಪು ಬಟ್ಟೆಯ ರಟ್ಟಿನ ಎರಡು ಪುಸ್ತಕ. ಒಂದು ಕಿರ್ದಿ. ಬಂದದ್ದು, ಹೋದದ್ದು, ಹತ್ತಿ ಅಂಡಿಗೆ, ಹಮಾಲಿ, ಚಹಾದ ಖರ್ಚು, ಸಾವುಕಾರರು ಗುಡಿಗೆ ಕೊಟ್ಟ ದೇಣಿಗೆ, ಎಲ್ಲ ಬಂದ ಬಂದ ಹಾಗೆ ಸಾಲು ಹಿಡಿದು ಅದರಲ್ಲಿ ಬೀಳಬೇಕು. ಕಿರ್ದಿಗೆ ತಾರೀಖು ಒಂದೇ ದೇವರು. ಇನ್ನೊಂದು ಖತಾವಣಿ. ಅಲ್ಲಿ ತಾರೀಖಿನ ದರ್ಬಾರು ನಡೆಯದು. ಗಬ್ಬೂರಿನ ರೈತನಿಗೆ ಒಂದು ಪುಟ, ಸಿರವಾರದ ವ್ಯಾಪಾರಿಗೆ ಒಂದು ಪುಟ, ಹಮಾಲಿಗೇ ಒಂದು ಪುಟ. ಅಂಗಡಿ ಬಾಗಿಲು ಹಾಕಿದ ಮೇಲೆ ಅಪ್ಪ ಕಿರ್ದಿಯ ಒಂದೊಂದೇ ಸಾಲನ್ನು ಎತ್ತಿ ಖತಾವಣಿಯಲ್ಲಿ ಅವರವರ ಪುಟಕ್ಕೆ ಮುಟ್ಟಿಸುತ್ತಿದ್ದರು. ಮುಟ್ಟಿಸಿದ ಮೇಲೆ ಕಿರ್ದಿಯ ಸಾಲಿನ ಮಗ್ಗುಲಿಗೆ ಖತಾವಣಿಯ ಪುಟದ ನಂಬರು, ಖತಾವಣಿಯ ಸಾಲಿನ ಮಗ್ಗುಲಿಗೆ ಕಿರ್ದಿಯ ಪುಟದ ನಂಬರು. ಈ ಎರಡು ನಂಬರು ಬೀಳುವ ತನಕ ಅವರು ಊಟಕ್ಕೆ ಏಳುತ್ತಿರಲಿಲ್ಲ, ಅಮ್ಮ ಎಷ್ಟು ಸಲ ಕರೆ ಕಳಿಸಿದರೂ.

ರೈತ ಬಂದು "ನಂದು ಎಷ್ಟೈತ್ರೀ?" ಎಂದು ಕೇಳಿದಾಗ ಕಿರ್ದಿ ತಿರುವುತ್ತಾ ಕೂತರೆ ಅವನ ಸಂಜೆಯ ಬಸ್ಸು ತಪ್ಪುತ್ತಿತ್ತು. ಖತಾವಣಿಯಲ್ಲಿ ಅವನ ಪುಟ ತೆರೆದರೆ ಮೂರು ವರ್ಷದ ಸಂಬಂಧ ಒಂದೇ ನೋಟಕ್ಕೆ ಸಿಕ್ಕುತ್ತಿತ್ತು. ಯಾವ ವರ್ಷ ಮಳೆ ಬಂದಿದೆ, ಯಾವ ವರ್ಷ ಮಗಳ ಮದುವೆಯಾಗಿದೆ ಎಂಬುದೂ ಆ ಅಂಕಿಗಳ ನಡುವೆ ಕಾಣುತ್ತದೆ ಎಂದು ಅಪ್ಪ ಹೇಳುತ್ತಿದ್ದರು. ಅವರ ಮಗನಾದ ನಾನು ಇಷ್ಟು ವರ್ಷ ಬರೇ ಕಿರ್ದಿಯಲ್ಲೇ ಬದುಕಿದ್ದೆ. ನಮ್ಮ ಮನೆತನದ ವಾಟ್ಸಾಪ್ ಗುಂಪು ಮತ್ತೇನು? ಮುಂಜಾನೆಯ ಗುಲಾಬಿ ಹೂ, ಅದರ ಹಿಂದೆ ಸತ್ತ ಸುದ್ದಿ, ಅದರ ಹಿಂದೆ ಸತ್ತವರಿಗೇ ಕಳಿಸಿದ ಹುಟ್ಟುಹಬ್ಬದ ಶುಭಾಶಯ. ಎಲ್ಲ ಹರಿದು ಹೋಗುತ್ತದೆ, ಯಾವುದೂ ಯಾರ ಪುಟಕ್ಕೂ ಮುಟ್ಟುವುದಿಲ್ಲ.

ದೊಡ್ಡವರೂ ಇದನ್ನು ಯೋಚಿಸಿದ್ದಾರೆ ಎಂದು ಅಳಿಯ ಹೇಳಿದ. ಅಮೆರಿಕದ ಮೈಕ್ ಕಾಲ್ಫೀಲ್ಡ್ ಎಂಬವರು 2015ರಲ್ಲಿ ಇದೇ ಭೇದವನ್ನು ಹೊಳೆ ಮತ್ತು ತೋಟ ಎಂದು ಬಿಡಿಸಿ ಹೇಳಿದರಂತೆ. ಹೊಳೆ ಹರಿದುಹೋಗುತ್ತದೆ, ತೋಟ ಇದ್ದಲ್ಲೇ ಇದ್ದು ಬೆಳೆಯುತ್ತದೆ. ರಾಯಚೂರಿನ ಮೇ ತಿಂಗಳಲ್ಲಿ ಯಾವ ತೋಟ ಬೆಳೆಯುತ್ತದೋ ಅವರೇ ಹೇಳಬೇಕು. ನನ್ನದು ಮಾತ್ರ ಮೇ ತಿಂಗಳಲ್ಲೇ ಬೆಳೆದದ್ದು, ಯಾಕೆಂದರೆ ಹನ್ನೊಂದು ಗಂಟೆಯ ಮೇಲೆ ಹೊರಗೆ ಕಾಲಿಡುವ ಹಾಗಿರಲಿಲ್ಲ. ಇನ್ನೊಬ್ಬರು ಜರ್ಮನಿಯ ಸಮಾಜಶಾಸ್ತ್ರಜ್ಞ ನಿಕ್ಲಾಸ್ ಲುಹ್ಮನ್. 1998ರಲ್ಲಿ ತೀರಿಕೊಂಡಾಗ ಅವರ ಕಟ್ಟಿಗೆಯ ಪೆಟ್ಟಿಗೆಗಳಲ್ಲಿ ಸುಮಾರು 90,000 ಚೀಟಿಗಳಿದ್ದವು. ಪ್ರತಿ ಚೀಟಿಗೂ ನಂಬರು, ಚೀಟಿಯ ಒಳಗೆ ಬೇರೆ ಚೀಟಿಗಳ ನಂಬರು. ಅವರ ಬೀಲೆಫೆಲ್ಡ್ ವಿಶ್ವವಿದ್ಯಾಲಯ ಈಗ ಅವನ್ನು ಆನ್‌ಲೈನಿನಲ್ಲಿ ಎಲ್ಲರಿಗೂ ತೆರೆದಿಡುತ್ತಿದೆ. 90,000 ಚೀಟಿ ಎಂದಾಗ ನಾನು ನಮ್ಮ ಮನೆಯವರ ಮುಖ ನೋಡಿದೆ. ಅವರು ಆ ಜರ್ಮನ್ ಮನುಷ್ಯನ ಹೆಂಡತಿಯ ಬಗ್ಗೆ ವಿಚಾರಿಸಿದರು. ಮತ್ತೊಬ್ಬರು ವಾರ್ಡ್ ಕನ್ನಿಂಗ್‌ಹ್ಯಾಮ್, 1995ರಲ್ಲಿ ಮೊಟ್ಟಮೊದಲ ವಿಕಿಯನ್ನು ತೆರೆದವರು. ಹೊನೊಲುಲು ವಿಮಾನ ನಿಲ್ದಾಣದಲ್ಲಿ ಓಡುವ ಬಸ್ಸಿನ ಹೆಸರನ್ನು ಅದಕ್ಕೆ ಇಟ್ಟರು, ಅಲ್ಲಿಯವರ ಮಾತಿನಲ್ಲಿ ಅದು ಜಲ್ದಿ ಎಂದು ಅವಸರ ಮಾಡುವ ಶಬ್ದ. ಪುಣ್ಯಾತ್ಮ ದೇವದುರ್ಗದ ಬಸ್ಸು ಹತ್ತಿದ್ದರೆ ಬೇರೆ ಹೆಸರು ಹುಡುಕುತ್ತಿದ್ದರು.

ನಾನು ಎಲ್ಲಿಂದ ಶುರು ಮಾಡಬೇಕೆಂದು ಬಹಳ ತಲೆ ಕೆಡಿಸಿಕೊಂಡೆ. ಕೊನೆಗೆ ನಮ್ಮ ಜಿಲ್ಲೆಯ ಅತ್ಯಂತ ಪ್ರಸಿದ್ಧ ಕೊಂಡಿಯಿಂದಲೇ ಆರಂಭಿಸಿದೆ. 1915ರಲ್ಲಿ ಬೀಡನ್ ಎಂಬ ಗಣಿ ಇಂಜಿನಿಯರು ಚಿನ್ನ ಹುಡುಕುತ್ತಾ ಮಸ್ಕಿಯ ಗುಡ್ಡ ಹತ್ತಿದಾಗ ಬಂಡೆಯ ಮೇಲೆ ಅಕ್ಷರ ಕಂಡವು. ದೇಶದ ಉದ್ದಗಲಕ್ಕೂ ಸಿಕ್ಕಿದ್ದ ಶಾಸನಗಳಲ್ಲಿ ದೇವಾನಾಂಪ್ರಿಯ ಎಂಬ ಬಿರುದು ಇತ್ತು, ಹೆಸರಿರಲಿಲ್ಲ. ಆ ಬಿರುದು ಅಶೋಕನದೇ ಎಂದು ವಿದ್ವಾಂಸರು ಬೇರೆ ಆಧಾರಗಳಿಂದ ಹೇಳುತ್ತಿದ್ದರು. ಮಸ್ಕಿಯ ಬಂಡೆಯಲ್ಲಿ ಬಿರುದೂ ಹೆಸರೂ ಅಕ್ಕಪಕ್ಕ ಕೂತಿದ್ದವು. ಅಷ್ಟೇ, ಅಷ್ಟೂ ಕಲ್ಲುಗಳು ಒಬ್ಬನ ಖಾತೆಗೆ ಸಂಶಯವಿಲ್ಲದೆ ಜಮಾ ಆದವು. ಬೀಡನ್ ಸಾಹೇಬರು ಆ ದಿನ ಬೇರೆ ಗುಡ್ಡ ಹತ್ತಿದ್ದರೆ ಏನಾಗುತ್ತಿತ್ತೋ.

ಮಸ್ಕಿಯ ಪುಟದಿಂದ ಕಲ್ಲು ಎಂಬ ಪುಟಕ್ಕೆ ಗಂಟು ಹಾಕಿದೆ. ಅಲ್ಲಿಂದ ರಾಯಚೂರು ಕೋಟೆಗೆ. ಕಾಕತೀಯರ ಕಾಲದಲ್ಲಿ, 1294ರಲ್ಲಿ, ಗೋರೆ ಗಂಗಯ್ಯ ರೆಡ್ಡಿ ಕಟ್ಟಿಸಿದ ಕೋಟೆ. ಅದರ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿದೆ, ಅದರ ಮೇಲೆ ಶಾಸನ. ಅಷ್ಟು ಉದ್ದದ ಕಲ್ಲನ್ನು ಹೇಗೆ ತಂದರು ಎಂದು ನೀವು ಕೇಳುತ್ತೀರೆಂದು ಅವರಿಗೆ ಮೊದಲೇ ಗೊತ್ತಿತ್ತು. ಸಾಲು ಸಾಲು ಎತ್ತು ಹೂಡಿದ ಬಂಡಿಯ ಮೇಲೆ ಕಲ್ಲು ಬರುತ್ತಿರುವ ಚಿತ್ರವನ್ನು ಅಲ್ಲೇ ಗೀರಿಟ್ಟಿದ್ದಾರೆ. ನಾನು ಚಿಕ್ಕವನಿದ್ದಾಗಿನಿಂದ ಆ ಗೋಡೆಯ ಮುಂದೆ ಓಡಾಡಿದವನು. ಟಿಪ್ಪಣಿ ಬರೆಯಬೇಕಾಗಿ ಬಂದಾಗಲೇ ಆ ಎತ್ತುಗಳನ್ನು ನಿಂತು ನೋಡಿದ್ದು. ಎಣಿಸಲು ಹೋದೆ, ಬಿಸಿಲು ಬಿಡಲಿಲ್ಲ. ಹೀಗಾಗಿ ಆ ಪುಟದಲ್ಲಿ "ಎತ್ತು ಎಷ್ಟು? ಚಳಿಗಾಲದಲ್ಲಿ ಎಣಿಸುವುದು" ಎಂದು ಬರೆದಿಟ್ಟೆ.

ಇದೇ ನಮ್ಮ ಓಣಿಯ ನಿವೃತ್ತ ಹೆಡ್‌ಮಾಸ್ತರರಿಗೆ ಸಿಟ್ಟು ತರಿಸಿದ್ದು. ಫೋನಿನಲ್ಲಿ ಆ ಪುಟ ನೋಡಿ ನೇರ ಕಟ್ಟೆಗೇ ಬಂದರು. "ಅರ್ಧಂಬರ್ಧ ಬರ್ದು ಊರ ಮುಂದ ಇಡೋದು ಏನ್ ಛಂದ್ರೀ? ಪೂರ್ತಿ ಮಾಡಿ ತೋರಸ್ರಿ" ಎಂದರು. ಜೀವಮಾನವಿಡೀ ಬೇರೆಯವರ ಅಪೂರ್ಣ ಉತ್ತರಗಳಿಗೆ ಕೆಂಪು ಗೀಟು ಹಾಕಿದ ಕೈ ಅದು. ಅವರಿಗೆ ನಾನು ಕಡತದ ಕಥೆ ಹೇಳಿದೆ. ಈಗ ಕಡತ ಎಂದರೆ ಕಚೇರಿಯಲ್ಲಿ ಮೇಜಿನಿಂದ ಮೇಜಿಗೆ ಹೋಗುವ ಫೈಲು. ಹಿಂದಿನ ಕಡತ ಬಟ್ಟೆಯದು. ಉದ್ದ ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುತ್ತಿದ್ದರು. ವ್ಯಾಪಾರಿಗಳ ಲೆಕ್ಕ ಅದರಲ್ಲೇ, ಮಠಗಳ ದಾಖಲೆ ಅದರಲ್ಲೇ. ಬೇಡವಾದದ್ದನ್ನು ಒರೆಸಿ ಮತ್ತೆ ಬರೆಯಬಹುದಿತ್ತು, ಹುಷಾರಾಗಿಟ್ಟರೆ ನೂರಾರು ವರ್ಷ ಉಳಿಯುತ್ತಲೂ ಇತ್ತು. ಶೃಂಗೇರಿ ಮಠದ ಕಡತಗಳು ಇವತ್ತಿಗೂ ಇವೆ. ಒರೆಸಲು ಬರುವ ವಸ್ತುವಿನ ಮೇಲೆ ಬರೆದದ್ದಕ್ಕೇ ಅವರು ಧೈರ್ಯವಾಗಿ ಬರೆದರು ಎಂದೆ. ಮಾಸ್ತರರು ಒಪ್ಪಲಿಲ್ಲ. ಮರುದಿನ ಮಾತ್ರ ಕೋಟೆಗೆ ಹೋಗಿ ಎತ್ತು ಎಣಿಸಿಕೊಂಡು ಬಂದರು. ಅವರ ಲೆಕ್ಕಕ್ಕೂ ಅವರ ಜೊತೆ ಹೋದ ಮೊಮ್ಮಗನ ಲೆಕ್ಕಕ್ಕೂ ಹೊಂದಲಿಲ್ಲ. ಎರಡನ್ನೂ ಹಾಕಿದ್ದೇನೆ.

ಪೂರ್ತಿಯಾದ ಮೇಲೆ ತೋರಿಸುತ್ತೇನೆ ಎಂದು ಕೂರುವವರನ್ನು ನಾನು ಹೀಗಳೆಯುತ್ತಿಲ್ಲ. ವಿ. ಕೃಷ್ಣ ಎಂಬವರು ನಾಲ್ಕು ದಶಕ ಒಬ್ಬರೇ ಕೂತು ಕನ್ನಡ-ಇಂಗ್ಲಿಷ್ ನಿಘಂಟಿಗೆ ಶಬ್ದ ಕೂಡಿಸಿದರು. 1.5 ಲಕ್ಷಕ್ಕೂ ಹೆಚ್ಚು ಶಬ್ದ. 2019ರಲ್ಲಿ ಅದು 'ಅಲರ್' ಎಂಬ ಹೆಸರಿನಲ್ಲಿ ಎಲ್ಲರಿಗೂ ಮುಕ್ತವಾಗಿ ಆನ್‌ಲೈನಿಗೆ ಬಂತು. ಅಂಥ ತಪಸ್ಸು ನನ್ನ ಹಣೆಯಲ್ಲಿ ಬರೆದಿಲ್ಲ. ಬರೆದಿದ್ದರೂ ಯಾವುದೋ ಲಗ್ನಪತ್ರಿಕೆಯ ಹಿಂದೆ ಬರೆದಿರಬೇಕು.

ಹಾಡಿನ ಮಾತು ಬಿಟ್ಟೇ ಹೋಯಿತು. ಅತ್ತೆಯ ಶುಕ್ರವಾರ ಹೇಗೋ ಬೇರೆ ಹಾಡಿನಲ್ಲಿ ಕಳೆಯಿತು, ಆದರೆ ನನ್ನ ಮನಸ್ಸಿನಲ್ಲಿ ಅದು ಬಾಕಿ ಉಳಿದಿತ್ತು. ಪಲ್ಲವಿ ನನಗೆ ನೆನಪಿತ್ತು, ಮೊದಲ ನುಡಿ ಅತ್ತೆಗೆ ನೆನಪಾಯಿತು. ಅಷ್ಟನ್ನೇ ಒಂದು ಪುಟ ಮಾಡಿ, ಮುಂದಿನದು ಸಿಕ್ಕಿಲ್ಲ ಎಂದು ಬರೆದು, ಅಂಕಿತ ಎಂಬ ಪುಟಕ್ಕೆ ಗಂಟು ಹಾಕಿದೆ. ಅಂಕಿತದ ಪುಟವೇ ನನ್ನ ಖತಾವಣಿಯಲ್ಲಿ ದೊಡ್ಡದು. ದೊಡ್ಡದಾಗುವುದು ಸಹಜ, ಇದು ದಾಸರ ಸೀಮೆ. ವಿಜಯದಾಸರು (1682-1755) ಮಾನ್ವಿ ತಾಲ್ಲೂಕಿನ ಚೀಕಲಪರವಿಯವರು. ಅವರ ಶಿಷ್ಯ ಗೋಪಾಲದಾಸರು ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನವರು. ಗೋಪಾಲದಾಸರ ಶಿಷ್ಯ ಜಗನ್ನಾಥದಾಸರು (1728-1809) ಮತ್ತೆ ಮಾನ್ವಿ ತಾಲ್ಲೂಕಿನ ಬ್ಯಾಗವಟ್ಟಿನವರು, ಹರಿಕಥಾಮೃತಸಾರ ಬರೆದವರು. ಒಬ್ಬೊಬ್ಬರದೂ ಒಂದೊಂದು ಅಂಕಿತ: ವಿಜಯ ವಿಠಲ, ಗೋಪಾಲ ವಿಠಲ, ಜಗನ್ನಾಥ ವಿಠಲ. ಗೋಪಾಲದಾಸರ ತಮ್ಮಂದಿರ ಅಂಕಿತಗಳು ಅಣ್ಣನ ಹೆಸರು ಹಿಡಿದೇ ಬೆಳೆದವು: ವರದ ಗೋಪಾಲ ವಿಠಲ, ಗುರು ಗೋಪಾಲ ವಿಠಲ, ತಂದೆ ಗೋಪಾಲ ವಿಠಲ. ಹಾಡು ಯಾವ ಊರಿನ ಯಾರ ಬಾಯಿಗೆ ಹೋದರೂ ಕೊನೆಯ ನುಡಿಗೆ ಬಂದರೆ ಯಾರ ಪುಟಕ್ಕೆ ಸೇರಬೇಕೆಂದು ಗೊತ್ತಾಗಿಬಿಡುತ್ತದೆ. ಕಂಪ್ಯೂಟರು ಇಲ್ಲದ ಕಾಲಕ್ಕೆ ಇದಕ್ಕಿಂತ ಗಟ್ಟಿ ಏರ್ಪಾಡು ಇನ್ನೊಂದು ಬೇಕೆ?

ಜಗನ್ನಾಥದಾಸರಿಗೆ ಅಲ್ಪಾಯುಷ್ಯವಿತ್ತು, ಗೋಪಾಲದಾಸರು ಗುರುಗಳ ಮಾತಿನಂತೆ ತಮ್ಮ ಆಯುಷ್ಯದ 40 ವರ್ಷ ಅವರಿಗೆ ಧಾರೆಯೆರೆದರು ಎಂದು ನಮ್ಮ ಕಡೆಯ ನಂಬಿಕೆ. ಅಪ್ಪ ಇದನ್ನು ಹೇಳುವಾಗ ಕೈ ಮುಗಿದು, ಕಣ್ಣು ಮುಚ್ಚಿ, "ಮೊಸರಕಲ್ಲಿನ ಪುಟದಾಗ ಖರ್ಚು, ಬ್ಯಾಗವಟ್ಟಿನ ಪುಟದಾಗ ಜಮಾ" ಎನ್ನುತ್ತಿದ್ದರು. ಭಕ್ತಿಯಲ್ಲೂ ಅವರಿಗೆ ತಾಳೆ ಬೇಕಿತ್ತು.

ಈ ಹಾಡುಗಳು ಮನೆಮನೆಯ ಹಾಡಿನ ಪುಸ್ತಕಗಳಲ್ಲಿ ಉಳಿದವು. ಲಿಂಗಸುಗೂರಿನ ಗೋರೆಬಾಳ ಹನುಮಂತರಾಯರು ಊರೂರಿನಿಂದ ಕೂಡಿಸಿ ವರದೇಂದ್ರ ಹರಿದಾಸ ಸಾಹಿತ್ಯ ಮಂಡಲದ ಹೆಸರಿನಲ್ಲಿ ಅಚ್ಚು ಹಾಕಿಸಿದರು. ಇಲ್ಲದಿದ್ದರೆ ಎಷ್ಟು ಹೋಗುತ್ತಿದ್ದವೋ. ಈಗ ಕನ್ನಡದಲ್ಲಿ ವಚನ ಸಂಚಯ ಇದೆ, ಒಂದು ಶಬ್ದ ಕೊಟ್ಟರೆ ಸಾವಿರಾರು ವಚನಗಳಲ್ಲಿ ಅದು ಎಲ್ಲೆಲ್ಲಿದೆ ಎಂದು ತೋರಿಸುತ್ತದೆ. ದಾಸರ ಪದಗಳಿಗೂ ಅಂಥದೇ ಸಂಚಯ ಇದೆ. ಅತ್ತೆಯ ಹಾಡನ್ನು ಹುಡುಕಿದೆ, ನನಗೆ ಸಿಗಲಿಲ್ಲ. ಹಾಡು ಹೆಣ್ಣುಮಕ್ಕಳ ಜೊತೆ ತವರಿನಿಂದ ಅತ್ತೆಮನೆಗೆ ಹೋದದ್ದು, ಅಚ್ಚಿನ ಮನೆಯ ದಾರಿ ಹಿಡಿದಿಲ್ಲ.

ಕೆಲವು ತಿಂಗಳ ಮೇಲೆ ಹೊರದೇಶದಿಂದ ಒಂದು ಇಮೇಲ್ ಬಂತು. ಬರೆದವರ ಅಜ್ಜಿ ದೇವದುರ್ಗದ ಕಡೆಯವರು. ಅಂಕಿತದ ಪುಟ ಓದುತ್ತಾ ನನ್ನ ಅರ್ಧ ಹಾಡಿಗೆ ಬಂದು ಮುಟ್ಟಿದ್ದರು. ಅಜ್ಜಿಯ ಪುಸ್ತಕದ ಒಂದು ಪುಟದ ಫೋಟೊ ಕಳಿಸಿದ್ದರು. ಎಣ್ಣೆ ಕಲೆ, ಅರಿಶಿಣದ ಬೆರಳಿನ ಗುರುತು, ನಡುವೆ ಹಾಡು ಪೂರ್ತಿ. ಅತ್ತೆಗೆ ಫೋನಿನಲ್ಲಿ ಓದಿದೆ. ಅವರು ಕೊನೆಯ ತನಕ ಕೇಳಿ, "ಮೂರನೇ ನುಡಿ ತಪ್ಪು ಬರ್ಕೊಂಡಾರ" ಎಂದರು. "ನಿಮಗ ನೆನಪಿಲ್ಲಲ್ಲ ಅತ್ತೀ?" ಎಂದೆ. "ನೆನಪಿಲ್ಲ ಖರೆ. ಆದರ ಅದು ಹಂಗಿಲ್ಲ ಅನ್ನೋದು ನೆನಪದ" ಎಂದರು. ಹಾಗೆಂದೇ ಬರೆದಿದ್ದೇನೆ: ದೇವದುರ್ಗದ ಪಾಠ ಹೀಗೆ, ಮಾನ್ವಿಯ ಪಾಠ ಹೀಗಲ್ಲ. ಅಪ್ಪನ ಖತಾವಣಿಯಲ್ಲಾಗಿದ್ದರೆ ಇಂಥ ಬಾಕಿ ಇಟ್ಟು ಊಟಕ್ಕೆ ಏಳುವ ಹಾಗಿರಲಿಲ್ಲ. ನಾನು ಏಳುತ್ತೇನೆ. ನನ್ನ ಲೆಕ್ಕಕ್ಕೆ ಸಾವುಕಾರರಿಲ್ಲ.

ಈಗ ನಿಮಗೊಂದು ಮಾತು. ನಿಮ್ಮ ಮನೆಯಲ್ಲಿ ಅಜ್ಜಿಯದೋ ಚಿಕ್ಕಮ್ಮನದೋ ಹಾಡಿನ ಪುಸ್ತಕವಿದ್ದರೆ ಈ ರಜೆಗೆ ಅದನ್ನು ಕೆಳಗಿಳಿಸಿ, ಪುಟ ಬಿಡದೆ ಫೋಟೊ ತೆಗೆದಿಡಿ. ರಟ್ಟಿನ ಒಳಬದಿಯನ್ನೂ ಬಿಡಬೇಡಿ, ಬಹಳ ಸಲ ಇಸವಿ ಸಿಗುವುದು ಅಲ್ಲೇ. ಬರೆದವರ ತವರೂರು ಯಾವುದು, ಕೊಟ್ಟ ಊರು ಯಾವುದು ಎಂದು ಪಕ್ಕದಲ್ಲಿ ಬರೆಯಿರಿ, ಅದಿಲ್ಲದೆ ಹಾಡು ನಡೆದ ದಾರಿ ತಿಳಿಯುವುದಿಲ್ಲ. ಹಾಡಬಲ್ಲವರು ಇನ್ನೂ ಇದ್ದರೆ ಕೂಡಿಸಿ ಹಾಡಿಸಿ ಧ್ವನಿಯನ್ನೂ ಹಿಡಿದುಕೊಳ್ಳಿ. ನಮ್ಮ ಕಡೆಯ ಹಾಡಿನ ಪುಸ್ತಕಗಳಲ್ಲಿ ಧಾಟಿ ಯಾವುದೆಂದು ಬರೆದದ್ದನ್ನು ನಾನು ಇದುವರೆಗೆ ಎಲ್ಲೂ ಕಂಡಿಲ್ಲ.